ಮಾಳಿಗೆಮನೆಗೆ ಸೇರಿಸಿದ ಅಡುಗೆಮನೆ ಮತ್ತು ಅದರ ದೀಪಗಳು

ಕೊಪ್ಪಳ ಜಿಲ್ಲೆಯ ಯಲಬುರ್ಗಾ ಮತ್ತು ಕುಕನೂರು ಭಾಗದ ಹಳ್ಳಿಗಳಲ್ಲಿ ಮಾಳಿಗೆಮನೆಯನ್ನು, ಅಂದರೆ ಮಣ್ಣಿನ ಸಮತಟ್ಟು ಚಾವಣಿಯ ಹಳೆಯ ಮನೆಯನ್ನು, ಪೂರ್ತಿ ಕೆಡವಿ, ಅದೇ ಜಾಗದಲ್ಲಿ ಆರ್.ಸಿ.ಸಿ. ಮನೆ ಕಟ್ಟಿಸುವುದು ಈಗ ರೂಢಿಯೇ ಆಗಿಹೋಗಿದೆ. ನಮ್ಮ ಮನೆಯ ವಿಚಾರದಲ್ಲಿಯೂ ನೆಂಟರಿಷ್ಟರೆಲ್ಲ ಅದನ್ನೇ ಹೇಳಿದರು. ನಾವು ಹಾಗೆ ಮಾಡದೆ, ಪಡಸಾಲೆ, ನಡುಮನೆ ಮತ್ತು ದೇವರಮನೆಗಳನ್ನು ಮಾಳಿಗೆಯ ಕೆಳಗೇ ಉಳಿಸಿಕೊಂಡು, ಹಿತ್ತಲಲ್ಲಿ ದನದ ಕೊಟ್ಟಿಗೆ ಇದ್ದ ಜಾಗದಲ್ಲಿ ಹೊಸ ಅಡುಗೆಮನೆಯನ್ನೂ ಅದರ ಪಕ್ಕದಲ್ಲಿ ಒಂದು ಕೋಣೆ ಮತ್ತು ಬಚ್ಚಲನ್ನೂ ಕಟ್ಟಿಸಿದೆವು. ಈ ಬರಹ ಮುಖ್ಯವಾಗಿ ಆ ಅಡುಗೆಮನೆಯ ಬೆಳಕಿನ ಬಗ್ಗೆ. ಮನೆ ಕಟ್ಟುವವರು ದೀಪದ ಮಾತನ್ನು ಬಣ್ಣ ಹಚ್ಚಿದ ಮೇಲೆ ಎತ್ತುತ್ತಾರೆ. ನಿಜವಾಗಿ ಅದನ್ನು ಸ್ಲ್ಯಾಬಿನ ಕಾಂಕ್ರೀಟು ಬೀಳುವ ಮೊದಲೇ, ಸಾಧ್ಯವಾದರೆ ಗೋಡೆ ಏಳುವ ಮೊದಲೇ ತೀರ್ಮಾನಿಸಬೇಕು ಎಂಬುದು ಈ ಕೆಲಸದಿಂದ ನನಗೆ ಖಚಿತವಾಯಿತು.

ಹಳೆಯ ಭಾಗವನ್ನು ಉಳಿಸಿಕೊಂಡದ್ದಕ್ಕೆ ಅಭಿಮಾನಕ್ಕಿಂತ ಬಿಸಿಲೇ ಹೆಚ್ಚಿನ ಕಾರಣ. ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಇಲ್ಲಿ ಉಷ್ಣಾಂಶ 40 ಡಿಗ್ರಿ ದಾಟುತ್ತದೆ. ತೊಲೆಗಳ ಮೇಲೆ ಜಂತಿ, ಜಂತಿಗಳ ಮೇಲೆ ಕಟ್ಟಿಗೆಯ ತುಂಡುಗಳು, ಅವುಗಳ ಮೇಲೆ ಬೇವಿನ ಸೊಪ್ಪು, ಅದರ ಮೇಲೆ ತುಳಿದು ಹದ ಮಾಡಿದ ಮಣ್ಣು, ಎಲ್ಲಕ್ಕೂ ಮೇಲೆ ಸವಳು ಮಣ್ಣಿನ ಹೊದಿಕೆ: ಹೀಗೆ ಒಂದು ಅಡಿಗೂ ಮಿಕ್ಕಿ ದಪ್ಪವಿರುವ ಮಾಳಿಗೆಯನ್ನು ಹಗಲಿನ ಕಾವು ದಾಟಿ ಕೆಳಗಿಳಿಯುವುದರೊಳಗೆ ಹೊರಗೆ ಸಂಜೆಯಾಗಿರುತ್ತದೆ. ಸವಳು ಮಣ್ಣಿನಲ್ಲಿ ಸೋಡಿಯಂ ಹೆಚ್ಚಿರುವುದರಿಂದ ನೀರು ಬಿದ್ದೊಡನೆ ಅದರ ಕಣಗಳು ಬಿಡಿಬಿಡಿಯಾಗಿ ಹರಡಿಕೊಂಡು ಸಂದುಗಳನ್ನು ಮುಚ್ಚಿಬಿಡುತ್ತವೆ; ಬೆಳೆಗೆ ಕೆಟ್ಟದ್ದೆಂದು ಹೊಲದಲ್ಲಿ ಬೈಸಿಕೊಳ್ಳುವ ಮಣ್ಣು ಮಾಳಿಗೆಯ ಮೇಲೆ ಮಳೆಯನ್ನು ತಡೆಯುವುದು ಇದೇ ಗುಣದಿಂದ. ಆದರೆ ಮಾಳಿಗೆಯ ಭಾರ ಸಾಮಾನ್ಯವಾದುದಲ್ಲ. ಒಂದು ಅಡಿ ದಪ್ಪದ ಮಣ್ಣು ಪ್ರತಿ ಚದರ ಮೀಟರಿಗೆ ಸುಮಾರು 500 ಕಿಲೋ ತೂಗಿದರೆ, ಐದು ಇಂಚಿನ ಕಾಂಕ್ರೀಟು ಸ್ಲ್ಯಾಬು 310 ಕಿಲೋ ಆಸುಪಾಸಿನಲ್ಲಿ ತೂಗುತ್ತದೆ. ಆ ಭಾರವನ್ನೇ ಹೊತ್ತು ನಿಂತ ಗೋಡೆಗಳ ಮೇಲೆ ಇನ್ನೊಂದು ಅಂತಸ್ತು ಏರಿಸುವ ಮಾತನ್ನು ನಾವು ಮೊದಲ ದಿನವೇ ಕೈಬಿಟ್ಟೆವು.

ಹಿತ್ತಲಿನ ನೆಲ ಎರೆಮಣ್ಣು. ನೀರು ಕುಡಿದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಇಂಥ ನೆಲದಲ್ಲಿ ಪಾಯವನ್ನು ಗರಸು, ಅಂದರೆ ಗಟ್ಟಿ ಹರಳುಮಣ್ಣು, ಸಿಗುವವರೆಗೂ ಇಳಿಸಬೇಕು. ಗರಸು ತೀರ ಆಳದಲ್ಲಿದ್ದರೆ ಬುಡ ಅಗಲವಿರುವ ಪೈಲ್‌ಗಳನ್ನು ಕೊರೆದು ಹಾಕುವುದೇ ಮೇಲು. ನಮಗೆ ಗರಸು ಹೆಚ್ಚು ಕಾಯಿಸಲಿಲ್ಲ. ಅದಕ್ಕಿಂತ ಮುಖ್ಯವಾದುದೆಂದರೆ ಹೊಸ ಗೋಡೆಯನ್ನು ಹಳೆಯ ಕಲ್ಲುಗೋಡೆಗೆ ಹಲ್ಲು ಕೂಡಿಸಿ ಕಟ್ಟದಿರುವುದು. ಹಳೆಯ ಮನೆ ತಾನು ಕುಸಿಯಬೇಕಾದಷ್ಟು ಎಂದೋ ಕುಸಿದು ಕೂತಿದೆ, ಹೊಸದು ಇನ್ನು ಮುಂದೆ ಕೂರಬೇಕಾಗಿದೆ. ಎರಡನ್ನೂ ಬಿಗಿದು ಕಟ್ಟಿದರೆ ಬಿರುಕು ತಪ್ಪಿದ್ದಲ್ಲ. ನಡುವೆ ಒಂದು ಇಂಚಿನ ಸಂದು ಬಿಟ್ಟು, ಅದಕ್ಕೆ ಮೆತ್ತನೆಯ ಪಟ್ಟಿ ತುಂಬಿ, ಮೇಲೆ ತಗಡಿನ ಮುಚ್ಚಳ ಕೊಡಲು ಹೇಳಿದಾಗ ಗೌಂಡಿಗೆ ಅದು ಅರೆಬರೆ ಕೆಲಸದಂತೆ ಕಂಡಿತಾದರೂ ಕೊನೆಗೆ ಒಪ್ಪಿದರು. ಕೊಟ್ಟಿಗೆಯ ನೆಲಕ್ಕೆ ಇನ್ನೊಂದು ತೊಡಕಿತ್ತು. ದನಗಳ ಗಂಜಲ ವರ್ಷಗಟ್ಟಲೆ ಇಂಗಿದ ಮಣ್ಣಿನಲ್ಲಿ ನೈಟ್ರೇಟ್ ಲವಣಗಳು ತುಂಬಿಕೊಂಡಿರುತ್ತವೆ. ಅವು ತೇವವನ್ನು ಎಳೆದುಕೊಂಡು ಗೋಡೆ ಏರಿ, ಗಿಲಾವನ್ನು (ಪ್ಲಾಸ್ಟರನ್ನು) ಪುಡಿಪುಡಿಯಾಗಿ ಉದುರಿಸುತ್ತವೆ. ಆದ್ದರಿಂದ ಆ ಮಣ್ಣನ್ನು ಪೂರ್ತಿ ತೆಗೆದು ಹೊಲಕ್ಕೆ ಸಾಗಿಸಿದೆವು. ಹೊಲಕ್ಕಂತೂ ಅದು ಒಳ್ಳೆಯ ಗೊಬ್ಬರ.

ಇನ್ನು ಬೆಳಕು. ಹಳೆಯ ಅಡುಗೆಮನೆಗೆ ಕಿಟಕಿಯೇ ಇರಲಿಲ್ಲ. ಎರಡು ಅಡಿ ದಪ್ಪದ ಗೋಡೆಗಳ ನಡುವಿನ ಆ ಕೋಣೆಗೆ ಇದ್ದುದು ಮಾಳಿಗೆಯಲ್ಲಿ ಬಿಟ್ಟ ಒಂದು ಬೆಳಕಿಂಡಿ ಮಾತ್ರ. ಬೆಳಕು ಒಳಗೆ ಬರುವುದೂ ಒಲೆಯ ಹೊಗೆ ಹೊರಗೆ ಹೋಗುವುದೂ ಅದರಿಂದಲೇ. ಮಳೆ ಬಂದರೆ ಮೇಲೆ ಹತ್ತಿ ಅದರ ಮೇಲೆ ಪರಸಿ ಕಲ್ಲು ಎಳೆಯಬೇಕಿತ್ತು. ಹೊಗೆ ಹಿಡಿದ ಜಂತಿಗೆ ಹುಳು ಬೀಳುವುದಿಲ್ಲವೆಂದು ಹಿರಿಯರು ಹೇಳುತ್ತಿದ್ದರು. ನಮ್ಮ ಅಡುಗೆಮನೆಯ ಜಂತಿಗಳು ಕಪ್ಪಾಗಿಯೂ ಗಟ್ಟಿಯಾಗಿಯೂ ಇದ್ದು, ಪಡಸಾಲೆಯ ಒಂದು ಮೂಲೆಯಲ್ಲಿ ಮಾತ್ರ ಗೆದ್ದಲು ಕಾಣಿಸಿಕೊಂಡಿದ್ದುದರಿಂದ ಆ ಮಾತನ್ನು ತಳ್ಳಿಹಾಕಲು ನನಗೆ ಮನಸ್ಸಾಗಲಿಲ್ಲ. ಆ ಒಂದೇ ಕಿಂಡಿಯ ಬೆಳಕು ಕಡಿಮೆಯೇ ಆದರೂ ಅದು ಬೀಳುತ್ತಿದ್ದ ಜಾಗ ಸರಿಯಾಗಿತ್ತು: ಒಲೆಯ ಮುಂದೆ, ಅಡುಗೆ ಮಾಡುವವರ ಕೈಗಳ ಮೇಲೆ.

ಹೊಸ ಅಡುಗೆಮನೆಯ ಸ್ಲ್ಯಾಬಿನಲ್ಲಿಯೂ ಗಾಜು ಹಾಕಿದ ಬೆಳಕಿಂಡಿ ಬಿಡಬೇಕೆಂಬುದು ಮನೆಮಂದಿಯ ಆಸೆಯಾಗಿತ್ತು. ಕೊಪ್ಪಳ ಸುಮಾರು 15.35 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಮೇ ತಿಂಗಳ ಮೊದಲ ವಾರದಲ್ಲಿ ಒಮ್ಮೆ, ಆಗಸ್ಟ್ ಎರಡನೆಯ ವಾರದಲ್ಲಿ ಮತ್ತೊಮ್ಮೆ ಸೂರ್ಯ ಇಲ್ಲಿ ಮಧ್ಯಾಹ್ನ ನೆತ್ತಿಯ ಮೇಲೆಯೇ ಇರುತ್ತಾನೆ. ಹಾಗಾಗಿ ಮಲಗಿಸಿದ ಗಾಜಿನ ಕಿಂಡಿ ಎಂದರೆ, ಬೇಸಿಗೆಯ ಅತಿ ಕೆಟ್ಟ ದಿನಗಳಲ್ಲಿ ಒಲೆಯ ಜೊತೆಗೆ ಇನ್ನೊಂದು ಒಲೆ ಹಚ್ಚಿಕೊಂಡಂತೆ. ಅದಕ್ಕಾಗಿ ಸ್ಲ್ಯಾಬಿನ ಒಂದು ಭಾಗವನ್ನು ಎರಡು ಅಡಿ ಎತ್ತರಿಸಿ, ಆ ಎತ್ತರದ ಉತ್ತರ ಮುಖದಲ್ಲಿ ನಿಲುವಾದ ಗಾಜು ಕೂಡಿಸಿದೆವು. ಉತ್ತರಕ್ಕೆ ಬಿಸಿಲೇ ಬರುವುದಿಲ್ಲವೆಂದು ಮನೆ ಕಟ್ಟುವ ಪುಸ್ತಕಗಳಲ್ಲಿ ಬರೆದಿರುತ್ತದೆ; ಅದು ನಮಗಿಂತ ಬಹಳ ಉತ್ತರದಲ್ಲಿರುವ ಊರುಗಳಿಗೆ ಸರಿಹೊಂದುವ ಮಾತು. ಮೇ ಮೊದಲ ವಾರದಿಂದ ಆಗಸ್ಟ್‌ವರೆಗೆ ನಮ್ಮಲ್ಲಿ ಮಧ್ಯಾಹ್ನದ ಸೂರ್ಯ ಉತ್ತರದ ಕಡೆಗೇ ವಾಲಿರುತ್ತಾನೆ. ಜೂನ್ 21ರ ಸುಮಾರಿಗೆ ಆ ವಾಲು ನೆತ್ತಿಯಿಂದ ಎಂಟು ಡಿಗ್ರಿ ಮಾತ್ರವಾದ್ದರಿಂದ ಗಾಜಿನ ಮೇಲೆ ಸಣ್ಣ ಸಜ್ಜಾ ಇದ್ದರೂ ಮಧ್ಯಾಹ್ನದ ಬಿಸಿಲನ್ನು ತಡೆಯಬಹುದು. ಕಾಟ ಕೊಡುವುದು ಬೆಳಗು ಮತ್ತು ಸಂಜೆಯ ಓರೆ ಬಿಸಿಲು. ಆ ದಿನಗಳಲ್ಲಿ ಸೂರ್ಯ ನೇರ ಪೂರ್ವದಿಂದ 24 ಡಿಗ್ರಿ ಉತ್ತರಕ್ಕೆ ಸರಿದು ಹುಟ್ಟುತ್ತಾನೆ. ಅದಕ್ಕೆಂದು ಗಾಜಿನ ಎರಡೂ ಬದಿಗೆ ಇಟ್ಟಂಗಿಯ ಮೋಟು ಗೋಡೆಗಳನ್ನು ಎಬ್ಬಿಸಿದೆವು. ಗಾಜಿನ ಕೆಳಗೆ ಜಾಳಿಗೆ ಬಿಟ್ಟಿರುವುದರಿಂದ ಬಿಸಿಗಾಳಿಯೂ ಅಲ್ಲಿಂದಲೇ ಹೊರಟುಹೋಗುತ್ತದೆ. ಸ್ಲ್ಯಾಬಿನ ಮೇಲೆ ಬಿಳಿ ಟೈಲ್ಸ್ ಚೂರುಗಳನ್ನು ಹಾಸಿದ್ದೇವೆ. ಆದರೂ ಮಾಳಿಗೆಯ ತಂಪಿಗೆ ಅದು ಸಮನಲ್ಲ.

ಒಲೆ ಆಗ್ನೇಯದಲ್ಲಿಯೇ ಇರಬೇಕು, ಅಡುಗೆ ಮಾಡುವವರು ಪೂರ್ವಕ್ಕೆ ಮುಖ ಮಾಡಿರಬೇಕು ಎಂಬ ವಿಷಯದಲ್ಲಿ ಕಾಕಾ ಒಂದಿಷ್ಟೂ ಬಗ್ಗಲಿಲ್ಲ. ನನಗೂ ಅದರಲ್ಲಿ ತಕರಾರು ಇರಲಿಲ್ಲ. ಆದರೆ ಒಲೆಯ ನೇರ ಮುಂದೆಯೇ ಕಿಟಕಿ ಇಟ್ಟರೆ ಬೆಳಗಿನ ಬಿಸಿಲು ಕಣ್ಣಿಗೆ ಹೊಡೆಯುತ್ತದೆ, ಗಾಳಿಗೆ ಗ್ಯಾಸಿನ ಉರಿ ಓಲಾಡುತ್ತದೆ. ಕಿಟಕಿಯನ್ನು ಒಲೆಯಿಂದ ಎಡಕ್ಕೆ, ತರಕಾರಿ ಹೆಚ್ಚುವ ಕಟ್ಟೆಯ ಎದುರಿಗೆ ಸರಿಸಿದಾಗ ಕಾಕಾನ ಮಾತೂ ಉಳಿಯಿತು, ಕೈಗೆ ಬೆಳಕೂ ಸಿಕ್ಕಿತು.

ರಾತ್ರಿಯ ದೀಪಗಳ ಪ್ರಶ್ನೆ ಇದಕ್ಕಿಂತ ಹೆಚ್ಚು ಚರ್ಚೆಗೆ ಬಂತು. ನಮ್ಮ ಕಡೆಯ ಬಹುತೇಕ ಅಡುಗೆಮನೆಗಳಲ್ಲಿ ದೀಪ ಇರುವುದು ಚಾವಣಿಯ ನಡುವೆ, ಇಲ್ಲವೇ ಕಟ್ಟೆಗೆ ಎದುರಾದ ಗೋಡೆಯ ಮೇಲೆ. ಕಟ್ಟೆಯ ಮುಂದೆ ನಿಂತವರ ಬೆನ್ನಿಗೆ ಬೆಳಕು ಬೀಳುತ್ತದೆ, ಅವರ ನೆರಳು ಅವರು ಹೆಚ್ಚುತ್ತಿರುವ ಉಳ್ಳಾಗಡ್ಡಿಯ ಮೇಲೆಯೇ ಬೀಳುತ್ತದೆ. ಹೆಚ್ಚು ವ್ಯಾಟಿನ ದೀಪ ಹಾಕಿದರೆ ಆ ನೆರಳು ಇನ್ನಷ್ಟು ಗಾಢವಾಗುತ್ತದೆಯೇ ಹೊರತು ಹೋಗುವುದಿಲ್ಲ. ನಕ್ಷೆ ತೋರಿಸಿದಾಗ ಅವ್ವ ಕೇಳಿದ್ದು ಒಂದೇ ಪ್ರಶ್ನೆ: "ದೀಪ ಬೆನ್ನ ಹಿಂದ ಇಟ್ರ ನನ್ನ ನೆಳ್ಳ ನನಗ ಅಡ್ಡ ಆಗಂಗಿಲ್ಲೇನಪಾ?" ಅಲ್ಲಿಂದ ಮುಂದೆ ನಾವು ದೀಪದ ಜಾಗವನ್ನು ಚಾವಣಿಯ ಅಂದ ನೋಡಿ ನಿರ್ಧರಿಸಲಿಲ್ಲ. ಪಾಯದ ಮೇಲೆ ನೆಲ ಸಮ ಮಾಡಿದ ಮೇಲೆ ಸುಣ್ಣದ ಪುಡಿಯಿಂದ ಕಟ್ಟೆ, ಒಲೆ, ಸಿಂಕು, ರೊಟ್ಟಿ ಬಡಿಯುವ ಜಾಗಗಳನ್ನು ಗೆರೆ ಎಳೆದು ಗುರುತಿಸಿ, ಅವ್ವನನ್ನೂ ವೈನಿಯನ್ನೂ (ಅತ್ತಿಗೆಯನ್ನೂ) ಅಲ್ಲಲ್ಲಿ ನಿಲ್ಲಿಸಿ ಕೂಡಿಸಿ, ಕೈ ಎಲ್ಲಿ ಬರುತ್ತದೆ, ತಲೆ ಎಲ್ಲಿ ಬರುತ್ತದೆ ಎಂದು ನೋಡಿ ಜಾಗಗಳನ್ನು ಬರೆದುಕೊಂಡೆವು. ಸೆಂಟ್ರಿಂಗ್ ಹಲಗೆಗಳ ಮೇಲೆ ಕಬ್ಬಿಣ ಕಟ್ಟುವಾಗ ಪೈಪುಗಳನ್ನೂ ಡಬ್ಬಿಗಳನ್ನೂ ಆ ಜಾಗಗಳಿಗೆ ತಕ್ಕಂತೆಯೇ ಇಡಿಸಿದೆವು. ಕಾಂಕ್ರೀಟು ಬಿದ್ದ ಮೇಲೆ ದೀಪವನ್ನು ಒಂದು ಅಡಿ ಸರಿಸಬೇಕೆಂದರೂ ಸ್ಲ್ಯಾಬನ್ನು ಒಡೆಯಬೇಕು, ಇಲ್ಲವೇ ಪಿ.ಓ.ಪಿ. ಚಾವಣಿ ಇಳಿಬಿಟ್ಟು ಮುಚ್ಚಿಕೊಳ್ಳಬೇಕು. ಒಗ್ಗರಣೆಯ ಹೊಗೆ, ಧೂಳು ಮತ್ತು ಹಲ್ಲಿಗಳು ಒಟ್ಟಿಗೆ ವಾಸಿಸುವ ಆ ಪೊಳ್ಳು ಚಾವಣಿ ಅಡುಗೆಮನೆಗೆ ಬೇಡವೆಂಬುದು ನನ್ನ ಖಚಿತ ಅಭಿಪ್ರಾಯ.

ಕಟ್ಟೆಯ ಮೇಲೆ ಒಂದೂವರೆ ಅಡಿ ಎತ್ತರದಲ್ಲಿ ಸಾಮಾನಿಡಲು ಕಡಪ ಕಲ್ಲಿನ ತೆರೆದ ಮಾಡು ಇದೆ. ಅದರ ಅಡಿಯಲ್ಲಿ, ಗೋಡೆಗೆ ತಾಗಿಸದೆ ಮುಂದಿನ ಅಂಚಿನ ಹತ್ತಿರ, ಅಲ್ಯೂಮಿನಿಯಂ ಪಟ್ಟಿಯೊಳಗೆ ಎಲ್.ಇ.ಡಿ. ಸ್ಟ್ರಿಪ್ ಕೂಡಿಸಿದ್ದೇವೆ. ಮುಂದಿನ ಅಂಚಿನಿಂದ ಬಂದ ಬೆಳಕು ಕೈಗೂ ಗೋಡೆಗೂ ನಡುವೆ ಹರಡುತ್ತದೆ; ಹಿಂದೆ ಗೋಡೆಗೆ ತಾಗಿಸಿದ್ದರೆ ಗೋಡೆಯ ಟೈಲ್ಸ್ ಮಾತ್ರ ಹೊಳೆಯುತ್ತಿದ್ದವು. ಇಲ್ಲಿ ನಮ್ಮ ಕಡೆಯ ಅಡುಗೆಮನೆಗೇ ಸೇರಿದ ಒಂದು ವಿಷಯ ಅಡ್ಡ ಬಂತು. ವೈನಿ ನಿಂತು ಅಡುಗೆ ಮಾಡುತ್ತಾರೆ, ಅವ್ವ ಜೋಳದ ರೊಟ್ಟಿಯನ್ನು ನೆಲದ ಮೇಲೆ ಕೂತೇ ಬಡಿಯುತ್ತಾಳೆ. ಅವಳಿಗಾಗಿ ಮೂಲೆಯಲ್ಲಿ ಒಂದು ಗೇಣು ಎತ್ತರದ ಪರಸಿ ಕಟ್ಟೆ ಮಾಡಿ, ಅದರ ಮೇಲೆ ಒಂಟಿ ಒಲೆ ಇಟ್ಟಿದ್ದೇವೆ. ನಿಂತವರ ಕಣ್ಣಿಗೆ ಮಾಡಿನ ಅಡಿಯ ದೀಪ ಕಾಣಿಸುವುದಿಲ್ಲ. ನೆಲದಲ್ಲಿ ಕೂತವರಿಗಾದರೋ ಅದೇ ದೀಪ ನೇರ ಕಣ್ಣಿಗೆ ಚುಚ್ಚುತ್ತದೆ. ಅಂಗಡಿಗಳಲ್ಲಿ ತೋರಿಸುವ ಅಡುಗೆಮನೆಗಳಲ್ಲಿ ಯಾರೂ ನೆಲದಲ್ಲಿ ಕೂರುವುದಿಲ್ಲವಾದ್ದರಿಂದ ಈ ತೊಂದರೆಯನ್ನು ಯಾರೂ ಮೊದಲೇ ಹೇಳುವುದಿಲ್ಲ. ಮಾಡಿನ ಮುಂದಿನ ಅಂಚಿಗೆ ಎರಡು ಇಂಚು ಇಳಿಬಿದ್ದ ಕಟ್ಟಿಗೆಯ ಪಟ್ಟಿ ಬಡಿದು, ಸ್ಟ್ರಿಪ್ಪನ್ನು ಗೋಡೆಯ ಕಡೆಗೆ ಓರೆಯಾಗಿಸಿದ ಮೇಲೆ ಅದು ಸರಿಹೋಯಿತು. ರೊಟ್ಟಿಯ ಮೂಲೆಗೆ ಬೇರೆಯದೇ ದೀಪ ಬೇಕಾಯಿತು: ಕೂತವರ ಭುಜಕ್ಕಿಂತ ಸ್ವಲ್ಪ ಮೇಲೆ, ಬಲಗೈಯ ನೆರಳು ಬೀಳದಂತೆ ಎಡಗಡೆಯ ಗೋಡೆಗೆ, ಹಾಲುಬಣ್ಣದ ಮುಚ್ಚಳವಿರುವ ಸಣ್ಣ ದೀಪ. ಹಂಚಿನ ಮೇಲೆ ರೊಟ್ಟಿ ಉಬ್ಬುವುದನ್ನೂ ಅಂಚು ಕಂದುವುದನ್ನೂ ನೋಡಲು ಚಾವಣಿಯ ದೀಪಕ್ಕಿಂತ ಈ ಓರೆ ಬೆಳಕು ಎಷ್ಟೋ ಮೇಲು, ಏಕೆಂದರೆ ಮೇಲ್ಮೈಯ ಏರಿಳಿತ ಓರೆ ಬೆಳಕಿನಲ್ಲಿಯೇ ಚೆನ್ನಾಗಿ ಕಾಣುವುದು.

ಎಷ್ಟು ಬೆಳಕು ಬೇಕು ಎಂಬುದನ್ನು ವ್ಯಾಟಿನಲ್ಲಿ ಅಳೆಯುವ ಅಭ್ಯಾಸ ಇನ್ನೂ ಹೋಗಿಲ್ಲ. ಹಳೆಯ 60 ವ್ಯಾಟ್ ಬಲ್ಬು ಕೊಡುತ್ತಿದ್ದ ಬೆಳಕನ್ನು ಈಗ 9 ವ್ಯಾಟಿನ ಎಲ್.ಇ.ಡಿ. ಕೊಡುತ್ತದೆ; ಡಬ್ಬಿಯ ಮೇಲೆ ನೋಡಬೇಕಾದುದು ಲೂಮೆನ್ ಸಂಖ್ಯೆಯನ್ನು. ಒಂದು ಚದರ ಮೀಟರಿನ ಮೇಲೆ ಒಂದು ಲೂಮೆನ್ ಬಿದ್ದರೆ ಅದು ಒಂದು ಲಕ್ಸ್. ಹೆಚ್ಚುವ, ಆರಿಸುವ ಕೆಲಸಕ್ಕೆ 300ರಿಂದ 500 ಲಕ್ಸ್ ಸಾಕೆಂದು ಲೆಕ್ಕ ಹಿಡಿಯುತ್ತಾರೆ. ನಮ್ಮ ಕಟ್ಟೆ 12 ಅಡಿ ಉದ್ದ, 2 ಅಡಿ ಅಗಲ, ಅಂದರೆ ಸುಮಾರು 2.2 ಚದರ ಮೀಟರ್. ಮೀಟರಿಗೆ 5 ವ್ಯಾಟಿನ ಸ್ಟ್ರಿಪ್ ಹಾಕಿದರೆ ಒಟ್ಟು 18 ವ್ಯಾಟ್, ಸುಮಾರು 1,600 ಲೂಮೆನ್. ಮುಚ್ಚಳದಲ್ಲಿ ಮತ್ತು ಗೋಡೆಯ ಮೇಲೆ ಅರ್ಧ ಹೋಯಿತೆಂದುಕೊಂಡರೂ ಕಟ್ಟೆಯ ಮೇಲೆ 350 ಲಕ್ಸಿಗೆ ಕಡಿಮೆಯಾಗುವುದಿಲ್ಲ. ಅಂಗಡಿಯವರು ಒತ್ತಾಯಿಸುತ್ತಿದ್ದುದು ಇದರ ಎರಡರಷ್ಟು ವ್ಯಾಟಿನ ಸ್ಟ್ರಿಪ್ಪನ್ನು. ಲೆಕ್ಕ ಹಾಕಿದ ಚೀಟಿ ಕೈಯಲ್ಲಿದ್ದುದರಿಂದ ಮಾತು ಬೇಗ ಮುಗಿಯಿತು. 12 ವೋಲ್ಟಿನ ಬದಲು 24 ವೋಲ್ಟಿನದನ್ನು ತೆಗೆದುಕೊಂಡೆವು. ಅದೇ ವ್ಯಾಟಿಗೆ ಕರೆಂಟು ಅರ್ಧವಾಗುವುದರಿಂದ ಉದ್ದದ ಸ್ಟ್ರಿಪ್ಪಿನ ಕೊನೆಯಲ್ಲಿ ಬೆಳಕು ಮಂಕಾಗುವುದು ಕಡಿಮೆ.

ದೀಪದ ಬಣ್ಣದ ವಿಷಯದಲ್ಲಿ ನಮ್ಮ ಊರುಗಳ ಒಲವು 6500 ಕೆಲ್ವಿನ್‌ನ ನೀಲಿ ಬಿಳುಪಿನ ಕಡೆಗೆ (ಕೆಲ್ವಿನ್ ಅಂಕಿ ಇಳಿದಷ್ಟೂ ಬೆಳಕು ಹಳದಿಯತ್ತ ವಾಲುತ್ತದೆ). ಅದೇ ಹೆಚ್ಚು ಬೆಳಕೆಂದು ಎಲ್ಲರ ನಂಬಿಕೆ. ನಾವು ಕಟ್ಟೆಗೆ 4000, ರೊಟ್ಟಿಯ ಮೂಲೆಗೆ 3000 ಕೆಲ್ವಿನ್ ಆರಿಸಿದೆವು. ಅದಕ್ಕಿಂತ ಮುಖ್ಯವಾದ ಅಂಕಿ ಸಿ.ಆರ್.ಐ., ಅಂದರೆ ವಸ್ತುಗಳ ಬಣ್ಣವನ್ನು ದೀಪ ಎಷ್ಟು ನಿಜವಾಗಿ ತೋರಿಸುತ್ತದೆ ಎಂಬುದರ ಅಳತೆ. ಬಿಳಿ ಎಲ್.ಇ.ಡಿ. ಎಂದರೆ ಬಹುಮಟ್ಟಿಗೆ ನೀಲಿ ದೀಪದ ಮೇಲೆ ಹಳದಿ ಬೆಳಕು ಕೊಡುವ ಫಾಸ್ಫರ್ ಪುಡಿಯ ಲೇಪ. ಅಗ್ಗದ ದೀಪಗಳಲ್ಲಿ ಗಾಢ ಕೆಂಪು ಬಹಳ ಕಡಿಮೆ. ಸಾಮಾನ್ಯ ಸಿ.ಆರ್.ಐ. ಅಂಕಿ ಎಂಟು ತಿಳಿಬಣ್ಣಗಳ ಸರಾಸರಿಯಾದುದರಿಂದ ಈ ಕೊರತೆ ಅದರಲ್ಲಿ ಎದ್ದು ಕಾಣುವುದಿಲ್ಲ. ಗಾಢ ಕೆಂಪಿನ ಅಳತೆಯನ್ನು ಆರ್9 ಎಂದು ಬೇರೆಯಾಗಿ ಕೊಡುತ್ತಾರೆ. ಬ್ಯಾಡಗಿ ಮೆಣಸಿನಕಾಯಿಯ ಖಾರದಪುಡಿ, ಕೆಂಪು ಚಟ್ನಿ, ಒಗ್ಗರಣೆಯಲ್ಲಿ ಕೆಂಪಗಾಗುತ್ತಿರುವ ಉಳ್ಳಾಗಡ್ಡಿ, ಇವನ್ನೆಲ್ಲ ಬಣ್ಣದಿಂದಲೇ ಅಳೆಯುವ ಅಡುಗೆಯಲ್ಲಿ ಆ ಅಂಕಿ ಬಹಳ ಮುಖ್ಯ. ಒಂದು ತಟ್ಟೆಯಲ್ಲಿ ಖಾರದಪುಡಿ ಮತ್ತು ಅರಿಸಿನಪುಡಿ ಹಾಕಿ, ಹಗಲು ಬೆಳಕಿನಲ್ಲಿ ನೋಡಿ, ಬಳಿಕ ಅಗ್ಗದ ದೀಪ ಮತ್ತು ಹೆಚ್ಚು ಸಿ.ಆರ್.ಐ. ಇರುವ ದೀಪ ಎರಡರ ಕೆಳಗೂ ಹಿಡಿದು ನೋಡಿದರೆ ಯಾವ ಅಂಕಿಯ ವಿವರಣೆಯೂ ಬೇಕಾಗುವುದಿಲ್ಲ. ನಾವು 90ಕ್ಕಿಂತ ಹೆಚ್ಚಿನ ಸಿ.ಆರ್.ಐ. ಇರುವ ಸ್ಟ್ರಿಪ್ಪನ್ನು ಹುಬ್ಬಳ್ಳಿಯಿಂದ ತರಿಸಿದೆವು. ಬೆಚ್ಚನೆಯ ಬಣ್ಣದ ದೀಪಕ್ಕೆ ಮುಂಗಾರಿನ ಹುಳಗಳು ಮುತ್ತುವುದೂ ಕಡಿಮೆ. ಹುಳಗಳನ್ನು ಸೆಳೆಯುವುದು ಮುಖ್ಯವಾಗಿ ನೀಲಿ ಮತ್ತು ಅತಿನೇರಳೆ ಬೆಳಕು.

ಕಟ್ಟೆಗೆ ಗ್ರಾನೈಟ್ ಆರಿಸುವಾಗಲೂ ದೀಪವನ್ನೇ ನೆನಪಿಟ್ಟುಕೊಳ್ಳಬೇಕಾಯಿತು. ಕುಷ್ಟಗಿ ಮತ್ತು ಇಳಕಲ್ಲಿನ ಕಡೆ ಗ್ರಾನೈಟ್ ನೆಲದಲ್ಲಿಯೇ ಸಿಗುವುದರಿಂದ ನಮಗೆ ಆಯ್ಕೆಗೆ ಬರವಿಲ್ಲ. ಕನ್ನಡಿಯಂತೆ ಪಾಲಿಶ್ ಮಾಡಿದ ಕರಿ ಗ್ರಾನೈಟ್ ಹಾಕಿದರೆ ಸ್ಟ್ರಿಪ್ಪಿನ ಒಂದೊಂದು ಚುಕ್ಕೆಯೂ ಅದರಲ್ಲಿ ಎಣಿಸುವಷ್ಟು ಸ್ಪಷ್ಟವಾಗಿ ಮೂಡುತ್ತದೆ, ಜೊತೆಗೆ ಬಿದ್ದ ಬೆಳಕನ್ನೆಲ್ಲ ಆ ಕಪ್ಪು ನುಂಗುತ್ತದೆ. ಬೂದುಬಣ್ಣದ, ಹೊಳಪು ಕಡಿಮೆ ಇರುವ ಕಲ್ಲನ್ನೂ ಗೋಡೆಗೆ ಮಂಕು ಬಿಳಿ ಟೈಲ್ಸನ್ನೂ ಹಾಕಿಸಿದ್ದರಿಂದ ಅಷ್ಟೇ ದೀಪದಲ್ಲಿ ಕೋಣೆ ಹೆಚ್ಚು ಬೆಳಗಿದಂತೆ ಕಾಣುತ್ತದೆ. ಬಿಳಿ ಕಟ್ಟೆಯ ಮೇಲೆ ಅರಿಸಿನದ ಕಲೆ ಉಳಿಯುತ್ತದೆಂಬ ವೈನಿಯ ಆಕ್ಷೇಪದಿಂದಲೇ ಬೂದುಬಣ್ಣಕ್ಕೆ ಬಂದು ನಿಂತದ್ದು.

ವೈರಿಂಗ್ ಬಗ್ಗೆ ಹೆಚ್ಚು ಬರೆಯುವುದಿಲ್ಲ. ದೀಪಗಳಿಗೆ 1.5, ಸಾಮಾನ್ಯ ಸಾಕೆಟ್ಟುಗಳಿಗೆ 2.5, ಗೀಸರಿಗೆ 4 ಚದರ ಮಿಲಿಮೀಟರ್ ತಂತಿ. ಇಡೀ ಮನೆಗೆ, ಕರೆಂಟು ಸೋರಿದೊಡನೆ ಲೈನು ಕಡಿಯುವ 30 ಮಿಲಿಆಂಪಿಯರ್‌ನ ಆರ್.ಸಿ.ಸಿ.ಬಿ. ಸ್ವಿಚ್ಚು. ಹಳೆಯ ಭಾಗದ ಗೋಡೆಗಳು ಮಣ್ಣಿನಲ್ಲಿ ಕೂಡಿಸಿದ ಕಲ್ಲುಗಳಾದ್ದರಿಂದ ಅವುಗಳಲ್ಲಿ ಪೈಪಿಗಾಗಿ ಕೊರೆಯಲು ಬಿಡಲಿಲ್ಲ. ಮರದ ಪಟ್ಟಿಯ ಮೇಲಿನ ಹಳೆಯ ತಂತಿಯನ್ನು ಕಿತ್ತು, ಅದೇ ದಾರಿಯಲ್ಲಿ ಗೋಡೆಯ ಮೇಲೆಯೇ ಪೈಪು ಓಡಿಸಿದ್ದೇವೆ. ಅಡುಗೆಮನೆಯ ಫ್ಯಾನಿನ ರೆಕ್ಕೆ ತಿರುಗುವ ವೃತ್ತದ ಮೇಲೆ ದೀಪ ಬಂದರೆ ಕೋಣೆಯೆಲ್ಲ ಮಿಣಮಿಣ ಎನ್ನುವುದರಿಂದ ಚಾವಣಿಯ ದೀಪಗಳನ್ನು ಆ ವೃತ್ತದ ಹೊರಗಿಟ್ಟಿದ್ದೇವೆ. ಕರೆಂಟು ಹೋದಾಗ ಇನ್ವರ್ಟರಿನಿಂದ ಉರಿಯುವುದು ಕಟ್ಟೆಯ ಸ್ಟ್ರಿಪ್, ರೊಟ್ಟಿಯ ಮೂಲೆಯ ದೀಪ ಮತ್ತು ಫ್ಯಾನು ಮಾತ್ರ. ನಡುಮನೆಯ ಬಾಗಿಲಲ್ಲೂ ಹಿತ್ತಲ ಬಾಗಿಲಲ್ಲೂ ಟೂ ವೇ ಸ್ವಿಚ್ ಇದೆ. ಎಲ್.ಇ.ಡಿ.ಯಲ್ಲಿ ಮೊದಲು ಕೆಡುವುದು ಸಾಮಾನ್ಯವಾಗಿ ದೀಪವಲ್ಲ, ಅದಕ್ಕೆ ತಕ್ಕ ಕರೆಂಟು ಒದಗಿಸುವ ಡಬ್ಬಿ, ಅಂದರೆ ಡ್ರೈವರ್. ಅದರೊಳಗಿನ ಕೆಪ್ಯಾಸಿಟರಿಗೆ ಕಾವೇ ಶತ್ರು. ಆದ್ದರಿಂದ ಡ್ರೈವರನ್ನು ಒಲೆಯಿಂದ ದೂರ, ಸಿಂಕಿನಿಂದಲೂ ದೂರ, ಬಾಗಿಲ ಪಕ್ಕದ ಗೂಡಿನಲ್ಲಿ ಕೈಗೆಟುಕುವಂತೆ ಇಟ್ಟಿದ್ದೇವೆ. ಎಣ್ಣೆಯ ಜಿಡ್ಡು ಕಟ್ಟಿದ ಮುಚ್ಚಳ ಬೆಳಕನ್ನು ಗಣನೀಯವಾಗಿ ಕುಗ್ಗಿಸುವುದರಿಂದ, ಅಮಾವಾಸ್ಯೆಗೆ ಒಲೆ ಬಳಿಯುವಾಗಲೇ ಅದನ್ನೂ ಒರೆಸುವುದು ವೈನಿ ಮಾಡಿಕೊಂಡ ರೂಢಿ.

ಬಾಕಿ ಉಳಿದಿರುವುದು ಊಟಕ್ಕೆ ಕೂರುವ ಜಾಗದ ದೀಪ. ತಂಗಿಗೆ ಅಲ್ಲಿ ಕಿನ್ನಾಳದ ಕೆಲಸಗಾರರಿಂದ ಬಣ್ಣದ ಕಟ್ಟಿಗೆಯ ತೂಗುದೀಪ ಮಾಡಿಸುವ ಆಸೆಯಿದೆ. ಅಪ್ಪನಿಗೆ ಆ ಎತ್ತರದಲ್ಲಿ ತಲೆಗೆ ತಾಗುತ್ತದೆಂಬ ಚಿಂತೆ. ಸ್ಲ್ಯಾಬಿನಲ್ಲಿ ಅದಕ್ಕಾಗಿ ಡಬ್ಬಿಯನ್ನೂ ಕೊಕ್ಕೆಯನ್ನೂ ಬಿಡಿಸಿ, ತಂತಿ ಎಳೆದು, ಸದ್ಯಕ್ಕೆ ಮುಚ್ಚಳ ಹಾಕಿದ್ದೇವೆ; ಅಲ್ಲಿ ಮೇಜು ಬರುತ್ತದೆಯೋ ಚಾಪೆಯೇ ಮುಂದುವರಿಯುತ್ತದೆಯೋ ಎಂಬುದು ತೀರ್ಮಾನವಾದ ಮೇಲೆ ದೀಪದ ಎತ್ತರ ಗೊತ್ತಾಗುತ್ತದೆ.